ಆರರಲ್ಲೊಂದು ಪಾಲು ಗುರುತ್ವದಲ್ಲಿ ಗರಿ ಮತ್ತು ನಟ್ಟು: ಬೀಳುವ ನಿರ್ವಾತ ಕೊಳವೆ ಕಟ್ಟಿದ ದಾಖಲೆ

1971ರ ಆಗಸ್ಟ್ 2ರಂದು ಅಪೋಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಿಂದ 1.32 ಕೆಜಿಯ ಸುತ್ತಿಗೆಯನ್ನೂ ಇನ್ನೊಂದು ಕೈಯಿಂದ ಸುಮಾರು 30 ಗ್ರಾಂನ ಡೇಗೆಯ ಗರಿಯನ್ನೂ ಒಟ್ಟಿಗೆ ಬಿಟ್ಟರು. ಎರಡೂ ಸುಮಾರು 1.6 ಮೀಟರ್ ಎತ್ತರದಿಂದ, 1.4 ಸೆಕೆಂಡಿನಲ್ಲಿ, ಒಟ್ಟಿಗೇ ನೆಲ ಮುಟ್ಟಿದವು. ಕಾಲೇಜುಗಳ ಲ್ಯಾಬಿನಲ್ಲಿರುವ ಗರಿ-ನಾಣ್ಯದ ಕೊಳವೆ ಇದರಲ್ಲಿ ಅರ್ಧವನ್ನಷ್ಟೇ ತೋರಿಸುತ್ತದೆ: ಗಾಳಿ ಇಲ್ಲ, ಆದರೆ ಗುರುತ್ವ ಪೂರ್ತಿ ಇದೆ. ಅಲ್ಲಿ ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಇಲ್ಲಿ ಕಟ್ಟಿರುವುದು ಗಾಳಿ ಇಲ್ಲದಿರುವುದು, ಚಂದ್ರನಷ್ಟು ಕಡಿಮೆ ಗುರುತ್ವ, ಎರಡನ್ನೂ ಸೇರಿಸಿದ ಸಾಧನ. ಗಾಳಿ ತೆಗೆದ ಕೊಳವೆಯನ್ನು ಒಂದು ಚೌಕಟ್ಟಿಗೆ ಕಟ್ಟಿ, ಆ ಚೌಕಟ್ಟನ್ನೇ ಎದುರುತೂಕದ ಸಹಾಯದಿಂದ ಅಳತೆಯ ವೇಗೋತ್ಕರ್ಷದಲ್ಲಿ ಕೆಳಗೆ ಬಿಡುವುದು. ಲಿಫ್ಟ್ ಇಳಿಯಲು ಶುರುವಾದ ಕ್ಷಣ ಮೈ ಹಗುರಾಗುವ ಹಾಗೆ, ಕೊಳವೆಯೊಳಗಿನ ವಸ್ತುಗಳಿಗೆ ಮುಕ್ಕಾಲು ಸೆಕೆಂಡು ಚಂದ್ರನ ತೂಕ ಬರುತ್ತದೆ.

ಕ್ಯಾಮೆರಾ ಮತ್ತು ಫೋನು ಬಿಟ್ಟು ಒಟ್ಟು ಖರ್ಚು ಸುಮಾರು 9,000 ರೂಪಾಯಿ. ಅದರಲ್ಲಿ ಅರ್ಧ ಪಂಪಿಗೇ ಹೋಗುತ್ತದೆ. ಎಸಿ ಮೆಕ್ಯಾನಿಕ್ ಪರಿಚಯವಿದ್ದು ಪಂಪ್ ಬಾಡಿಗೆಗೆ ಸಿಕ್ಕರೆ ಅಷ್ಟು ಉಳಿತಾಯ.

ಹಂತ 1: ಲೆಕ್ಕ ಮತ್ತು ಜಾಗ

ಬೆಂಗಳೂರಿನಲ್ಲಿ ಗುರುತ್ವದ ವೇಗೋತ್ಕರ್ಷ 9.78 ಮೀ/ಸೆ². ಚಂದ್ರನ ಮೇಲೆ 1.62. ಆರರಲ್ಲೊಂದು ಎಂದರೆ 1.63, ಈ ಕೆಲಸಕ್ಕೆ ಅಷ್ಟು ಸಾಕು. ಚೌಕಟ್ಟು ಗುರುತ್ವದ ಆರರಲ್ಲಿ ಐದು ಪಾಲು ವೇಗೋತ್ಕರ್ಷದಲ್ಲಿ, ಅಂದರೆ 8.15ರಲ್ಲಿ ಇಳಿದರೆ ಒಳಗೆ ಉಳಿಯುವುದು ಆರರಲ್ಲೊಂದು. ರಾಟೆಯ ಮೇಲೆ ಎರಡು ತೂಕ ನೇತುಹಾಕುವ ಅಟ್‌ವುಡ್ ಯಂತ್ರದ ಲೆಕ್ಕದಂತೆ, ಚೌಕಟ್ಟು 11 ಪಾಲು ತೂಗಿದರೆ ಎದುರುತೂಕ 1 ಪಾಲು ಇರಬೇಕು. ಚೌಕಟ್ಟು 3.3 ಕೆಜಿ, ಎದುರುತೂಕ 300 ಗ್ರಾಂ. ಈ 300 ಕಾಗದದ ಮೇಲಿನ ಸಂಖ್ಯೆ ಮಾತ್ರ. ನಿಜವಾದ ತೂಕ ಕಡಿಮೆ ಬರುತ್ತದೆ, ಏಕೆಂಬುದು ಹಂತ 6ರಲ್ಲಿದೆ.

ನೆನಪಿಡಬೇಕಾದ ಇನ್ನೊಂದು ಅನುಪಾತ: ಚೌಕಟ್ಟು 5 ಮೀಟರ್ ಬಿದ್ದರೆ ಒಳಗಿನ ವಸ್ತು ಕೊಳವೆಗೆ ಹೋಲಿಸಿ 1 ಮೀಟರ್ ಮಾತ್ರ ಬೀಳುತ್ತದೆ. 2.5 ಮೀಟರ್ ಬೀಳಲು ಜಾಗವಿದ್ದರೆ ಒಳಗೆ 50 ಸೆಂ.ಮೀ. ಸಿಗುತ್ತದೆ, ಸಮಯ 0.78 ಸೆಕೆಂಡು. 10 ಅಡಿ ಎತ್ತರದ ಕೋಣೆಯಲ್ಲಿ ಇದು ಆಗುವುದಿಲ್ಲ, ಚೌಕಟ್ಟಿನ ಉದ್ದ ಮತ್ತು ಕೆಳಗಿನ ಮೆತ್ತೆಯ ದಪ್ಪವನ್ನೂ ಕಳೆಯಬೇಕು. ಎರಡು ಅಂತಸ್ತಿನ ಮನೆಯ ಮೆಟ್ಟಿಲುಗಳ ನಡುವಿನ ಖಾಲಿ ಜಾಗ ಸರಿಯಾಗುತ್ತದೆ. ಮೇಲಿನ ಅಂತಸ್ತಿನ ಮೋಟುಗೋಡೆಗಳ ಮೇಲೆ ಅಡ್ಡಲಾಗಿ 40 ಮಿ.ಮೀ. ಚೌಕದ ಕಬ್ಬಿಣದ ಪೈಪ್ ಇಟ್ಟು ಬಿಗಿದರೆ ರಾಟೆಗಳಿಗೆ ಆಧಾರ. ಇಲ್ಲಿ ರಾಟೆ ನೆಲದಿಂದ 4.3 ಮೀಟರ್ ಎತ್ತರದಲ್ಲಿದೆ.

ಹಂತ 2: ಕೊಳವೆ

ಅಕ್ರಿಲಿಕ್ ಕೊಳವೆ, ಹೊರವ್ಯಾಸ 60 ಮಿ.ಮೀ., ಒಳವ್ಯಾಸ 50, ಉದ್ದ 600. ಬೆಲೆ ಸುಮಾರು 900 ರೂ. ಗಾಜು ಬೇಡ. ಕೊನೆಗೆ ಇದು ಸೆಕೆಂಡಿಗೆ 6 ಮೀಟರ್‌ಗಿಂತ ಹೆಚ್ಚು ವೇಗದಲ್ಲಿ ಮೆತ್ತೆಗೆ ಬಡಿಯುತ್ತದೆ, ಗಾಳಿ ತೆಗೆದ ಗಾಜು ಒಳಮುಖವಾಗಿ ಒಡೆದರೆ ಚೂರುಗಳು ಎಲ್ಲ ಕಡೆ ಹಾರುತ್ತವೆ. 3 ಮಿ.ಮೀ. ಗೋಡೆಯ ಅಗ್ಗದ ಅಕ್ರಿಲಿಕ್ ಒತ್ತಡವನ್ನೇನೋ ತಡೆಯುತ್ತದೆ, ಆದರೆ ಲೇತ್ ಮೇಲೆ ತುದಿ ಸಮ ಮಾಡುವಾಗ ಅಂಚು ಕಿತ್ತುಬರುತ್ತದೆ, ಗ್ಯಾಸ್ಕೆಟ್ ಕೂರಲು ಅಗಲವೂ ಸಾಲದು. 5 ಮಿ.ಮೀ. ಗೋಡೆಯೇ ಸರಿ.

ಎರಡು ತುದಿಗಳನ್ನೂ ಪೀಣ್ಯದಲ್ಲಿ ಲೇತ್ ಮೇಲೆ ಸಮ ಮಾಡಿಸಿ, 12 ಮಿ.ಮೀ. ದಪ್ಪದ 80 ಮಿ.ಮೀ. ವ್ಯಾಸದ ಅಕ್ರಿಲಿಕ್ ಮುಚ್ಚಳಗಳನ್ನು ಕೊರೆಸಬೇಕು, ಒಳಮುಖದಲ್ಲಿ ಒ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ಕೂರುವ ತೋಡಿನೊಂದಿಗೆ. ಕೂಲಿ ಸೇರಿ ಸುಮಾರು 800 ರೂ. ಹ್ಯಾಕ್‌ಸಾದಲ್ಲಿ ಕೊಯ್ದು ಉಪ್ಪುಕಾಗದದಲ್ಲಿ ಉಜ್ಜಿ ಸಮ ಮಾಡಿದ ತುದಿ ನಿಲ್ಲುವುದಿಲ್ಲ. ಕಣ್ಣಿಗೆ ನೇರ ಕಂಡರೂ ಒ-ರಿಂಗ್ ಒಂದು ಕಡೆ ಸಡಿಲವಾಗಿಯೇ ಉಳಿದು, ನಿಮಿಷದೊಳಗೆ ಗಾಳಿ ಹೊಕ್ಕುತ್ತದೆ. ಮುಚ್ಚಳಕ್ಕೆ ಬೋಲ್ಟು ಬೇಕಿಲ್ಲ. ಗಾಳಿ ತೆಗೆದ ಮೇಲೆ ಹೊರಗಿನ ಒತ್ತಡವೇ ಒಂದೊಂದು ಮುಚ್ಚಳವನ್ನೂ 20 ಕೆಜಿಗೂ ಹೆಚ್ಚಿನ ಬಲದಿಂದ ಅದುಮಿ ಹಿಡಿಯುತ್ತದೆ. ಪಂಪ್ ಶುರುವಾಗುವವರೆಗೆ ಎರಡು ರಬ್ಬರ್ ಬ್ಯಾಂಡ್ ಸಾಕು.

ಕೊಳವೆಯನ್ನು ಥಿನ್ನರ್, ಸ್ಪಿರಿಟ್, ಸ್ಯಾನಿಟೈಸರ್ ಯಾವುದರಿಂದಲೂ ಒರೆಸಬಾರದು. ಕೊಯ್ದ, ಕೊರೆದ ಜಾಗದಲ್ಲಿ ಅಕ್ರಿಲಿಕ್ ಒಳಗೆ ಬಿಗಿತ ಉಳಿದಿರುತ್ತದೆ. ಸ್ಪಿರಿಟ್ ತಾಗಿದ ಕೂಡಲೇ ಅಲ್ಲಿಂದ ಕೂದಲೆಳೆಯಂಥ ಬಿರುಕುಗಳು ಹಬ್ಬುತ್ತವೆ. ಅಂಥ ಕೊಳವೆಯನ್ನು ಮತ್ತೆ ನಿರ್ವಾತಕ್ಕೆ ಬಳಸಲಾಗದು. ಸೋಪುನೀರು, ಮೆತ್ತನೆಯ ಬಟ್ಟೆ, ನೆರಳಿನಲ್ಲಿ ಒಣಗಿಸುವುದು, ಅಷ್ಟೇ.

ಕೆಳಗಿನ ಮುಚ್ಚಳದಲ್ಲಿ ಕಾಲು ಇಂಚಿನ ಹಿತ್ತಾಳೆ ಬಾಲ್ ವಾಲ್ವ್ ಮತ್ತು ಹೋಸ್ ನಿಪ್ಪಲ್. ವಾಲ್ವ್ ಕೆಳಗೇ ಇರಲಿ: ಮೇಲಿದ್ದರೆ ಗಾಳಿ ಎಳೆಯುವಾಗಲೂ ಒಳಬಿಡುವಾಗಲೂ ಅದರ ರಭಸ ನೇರವಾಗಿ ಗರಿಗೇ ತಾಗುತ್ತದೆ.

ಹಂತ 3: ಪಂಪ್, ಗೇಜ್, ಮತ್ತು ಬೆಂಗಳೂರಿನ ಎತ್ತರ

ಪಂಪ್ ಎಸಿ, ಫ್ರಿಡ್ಜ್ ರಿಪೇರಿಯವರು ಬಳಸುವ ಸಿಂಗಲ್ ಸ್ಟೇಜ್ ರೋಟರಿ, ಕಾಲು ಎಚ್‌ಪಿ, ಸುಮಾರು 4,500 ರೂ. ಎಣ್ಣೆಯನ್ನು ಗುರುತಿನ ಗೆರೆಯವರೆಗೆ ತುಂಬಬೇಕು. ಹಳೆಯ ಎಣ್ಣೆ ನೀರಿನಂಶ ಹೀರಿಕೊಂಡು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಆಳವಾದ ನಿರ್ವಾತ ಬರುವುದೇ ಇಲ್ಲ.

ಪಂಪಿನೊಂದಿಗೆ ಬರುವ ಮುಳ್ಳಿನ ಗೇಜ್ ಇಲ್ಲಿ ಹಲವರನ್ನು ದಾರಿ ತಪ್ಪಿಸುತ್ತದೆ. ಅದರ ಮೇಲೆ ಪಾದರಸದ 30 ಇಂಚಿನವರೆಗೆ ಗುರುತಿದೆ, ಸೂಚನಾ ಹಾಳೆ 29 ದಾಟಬೇಕು ಎನ್ನುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡವೇ ಸುಮಾರು 910 ಮಿಲಿಬಾರ್. ಕೊಳವೆಯಲ್ಲಿ ಏನೂ ಉಳಿಯದಿದ್ದರೂ ಮುಳ್ಳು 27ರ ಹತ್ತಿರವೇ ನಿಲ್ಲುತ್ತದೆ. 29 ಬರಲಿಲ್ಲವೆಂದು ಸೋರಿಕೆ ಹುಡುಕುತ್ತಾ ಎಲ್ಲ ಜೋಡಣೆ ಬಿಚ್ಚುವುದು ವ್ಯರ್ಥ ಕೆಲಸ.

ಆ ಗೇಜಿನ ನಿಜವಾದ ತೊಂದರೆ ಬೇರೆ. 10 ಮಿಲಿಬಾರ್ ಉಳಿದಿದೆಯೋ ಅರ್ಧ ಮಿಲಿಬಾರ್ ಉಳಿದಿದೆಯೋ ಅದು ಹೇಳಲಾರದು, ಎರಡಕ್ಕೂ ಮುಳ್ಳು ಒಂದೇ ಕಡೆ. ಈ ಪ್ರಯೋಗ ನಿಂತಿರುವುದೇ ಆ ವ್ಯತ್ಯಾಸದ ಮೇಲೆ. ಆದ್ದರಿಂದ ಎಸಿ ಮೆಕ್ಯಾನಿಕ್‌ಗಳ ಡಿಜಿಟಲ್ ಮೈಕ್ರಾನ್ ಗೇಜನ್ನು ಕೇಳಿ ತಂದು ಜೋಡಿಸುವುದು ಅಗತ್ಯ. 1,000 ಮೈಕ್ರಾನ್ ಎಂದರೆ 1.33 ಮಿಲಿಬಾರ್. ಈ ಕೊಳವೆ ಒಳ್ಳೆಯ ದಿನ 400 ಮೈಕ್ರಾನ್‌ಗೆ, ಅಂದರೆ ಅರ್ಧ ಮಿಲಿಬಾರಿಗೆ ಇಳಿಯುತ್ತದೆ. ಪಂಪ್ ಇನ್ನೂ ಕೆಳಗೆ ಹೋಗಬಲ್ಲದು. ಅಂಟು, ಫಾಯಿಲ್, ಅಕ್ರಿಲಿಕ್ ತಾವೇ ಬಿಡುವ ತೇವ ಮತ್ತು ಅನಿಲ ಅದನ್ನು ತಡೆಯುತ್ತವೆ. ಮಳೆಗಾಲದಲ್ಲಿ ಅಷ್ಟಕ್ಕೆ ಇಳಿಯಲು ಹೆಚ್ಚು ಹೊತ್ತು ಬೇಕು.

ಪಂಪ್ ಆಫ್ ಮಾಡುವ ಮೊದಲು ವಾಲ್ವ್ ಮುಚ್ಚಬೇಕು. ಕ್ರಮ ಹಿಂದುಮುಂದಾದರೆ ಕೊಳವೆಯ ನಿರ್ವಾತ ಪಂಪಿನ ಎಣ್ಣೆಯನ್ನು ಹೋಸಿನೊಳಕ್ಕೆ ಎಳೆದುಕೊಳ್ಳುತ್ತದೆ. ಎಣ್ಣೆ ತಾಗಿದ ಗರಿಯನ್ನು ಬಿಸಾಡುವುದೊಂದೇ ದಾರಿ.

ಹಂತ 4: ಒಳಗಿನ ತಟ್ಟೆ ಮತ್ತು ಬಿಡುಗಡೆ

ಅತಿ ಹೆಚ್ಚು ತಿದ್ದುಪಡಿ ಬೇಡಿದ ಭಾಗ ಇದು.

ಬೀಳುವ ವಸ್ತುಗಳು: ಒಂದು ಎಂ8 ಹಿತ್ತಾಳೆ ನಟ್ಟು, ಸುಮಾರು 5 ಗ್ರಾಂ, ಮತ್ತು ಒಂದು ಗರಿ. ನಟ್ಟು ಕಬ್ಬಿಣದ್ದಾಗಬಾರದು. ಬಿಡುಗಡೆಗೆ ವಿದ್ಯುತ್ಕಾಂತ ಇರುವುದರಿಂದ ಕಬ್ಬಿಣವನ್ನು ಅದು ತನ್ನತ್ತ ಎಳೆಯುತ್ತದೆ, ತೂಕ ಆರರಲ್ಲೊಂದಕ್ಕೆ ಇಳಿದಾಗ ಆ ಸಣ್ಣ ಎಳೆತವೂ ಫಲಿತಾಂಶ ಕೆಡಿಸುತ್ತದೆ.

ಎರಡನ್ನೂ ಹೊತ್ತಿರುವುದು ಮೇಲಿನ ಮುಚ್ಚಳದ ಕೆಳಗೆ ಕೀಲಿನ ಮೇಲೆ ನಿಂತ ತೆಳು ಅಲ್ಯೂಮಿನಿಯಂ ತಟ್ಟೆ. ಬರೀ ಕೀಲು ಸಾಲದು. ಅಡ್ಡವಾಗಿ ನಿಂತ ಪಟ್ಟಿಯನ್ನು ಒಂದು ತುದಿಯಲ್ಲಿ ಕೀಲಿಗೆ ಸಿಕ್ಕಿಸಿ ಬಿಟ್ಟರೆ, ಕೀಲಿನಿಂದ ಮೂರನೇ ಎರಡು ಭಾಗ ದಾಟಿದ ಹೊರತುದಿ ಮಾತ್ರ ಸ್ವತಂತ್ರವಾಗಿ ಬೀಳುವ ವಸ್ತುವಿಗಿಂತ ಬೇಗ ಇಳಿಯುತ್ತದೆ. ಅದಕ್ಕಿಂತ ಒಳಗೆ ಇಟ್ಟ ವಸ್ತು ತಟ್ಟೆಗೆ ಅಂಟಿಕೊಂಡೇ ಸ್ವಲ್ಪ ದೂರ ಬಂದು, ಓರೆಯಾಗಿ ಜಾರಿ ಗೋಡೆಗೆ ಹೊಡೆಯುತ್ತದೆ. 50 ಮಿ.ಮೀ. ಕೊಳವೆಯಲ್ಲಿ ನಟ್ಟು ಗರಿ ಎರಡನ್ನೂ ಹೊರತುದಿಯಲ್ಲೇ ಇಡಲು ಜಾಗವಿಲ್ಲ. ಹಾಗಾಗಿ ಬಟ್ಟೆ ಒಣಹಾಕುವ ಕ್ಲಿಪ್ಪಿನ ಸ್ಪ್ರಿಂಗನ್ನು ಕೀಲಿಗೆ ಹಾಕಿ, ತಟ್ಟೆ ಗುರುತ್ವವನ್ನು ಕಾಯದೆ ಪಟ್ಟನೆ ಕೆಳಗೆ ಮಡಚಿಕೊಳ್ಳುವಂತೆ ಮಾಡಬೇಕು. ಸ್ಪ್ರಿಂಗಿನ ಒಂದು ಸುತ್ತು ಬಿಚ್ಚಿ ಬಿಗಿ ಇಳಿಸಿದರೆ ಚೆನ್ನ.

ತಟ್ಟೆಯನ್ನು ಹಿಡಿದಿಡಲು ಮೇಲಿನ ಮುಚ್ಚಳದ ಮೂಲಕ ಎಂ6 ಕಬ್ಬಿಣದ ಬೋಲ್ಟ್, ಒ-ರಿಂಗ್ ಸಮೇತ. ಹೊರಗಿರುವ ಭಾಗಕ್ಕೆ 32 ಗೇಜ್ ಎನಾಮಲ್ ತಾಮ್ರದ ತಂತಿ 1,000 ಸುತ್ತು. ಕಾಯಿಲಿನ ರೋಧ ಸುಮಾರು 14 ಓಮ್, 12 ವೋಲ್ಟ್ ಕೊಟ್ಟರೆ 10 ವ್ಯಾಟ್ ಶಾಖ ಹುಟ್ಟುತ್ತದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಕರೆಂಟ್ ಕೊಟ್ಟರೆ ಬೋಲ್ಟಿನ ಸುತ್ತ ಅಕ್ರಿಲಿಕ್ ಮೆತ್ತಗಾಗುತ್ತದೆ. ಒಳಗಿನ ತಟ್ಟೆಯ ತುದಿಗೆ ತಗಡಿನ ಚೂರು ಅಂಟಿಸಿದರೆ ಬೋಲ್ಟಿನ ತಲೆ ಅದನ್ನು ಹಿಡಿಯುತ್ತದೆ. ಕರೆಂಟ್ ನಿಂತ ಮೇಲೂ ಬೋಲ್ಟಿನಲ್ಲಿ ಕಾಂತತ್ವ ಸ್ವಲ್ಪ ಉಳಿದು ತಟ್ಟೆ ಬಿಡಲು ತಡವಾಗುತ್ತದೆ. ನಡುವೆ ಎರಡು ಪದರ ಸೆಲೋ ಟೇಪ್ ಅಂಟಿಸಿದರೆ ಆ ತೊಂದರೆ ಹೋಗುತ್ತದೆ.

ವಸ್ತುಗಳು ಚೌಕಟ್ಟಿಗಿಂತ ಮೊದಲೇ ಬಿಡುಗಡೆಯಾದರೆ ಆರಂಭ ಭೂಮಿಯ ಗುರುತ್ವದಲ್ಲಿ ಆಗುತ್ತದೆ, ಪ್ರಯೋಗವೇ ಹಾಳು. ನೈಲಾನ್ ದಾರವನ್ನು ನಿಕ್ರೋಮ್ ತಂತಿಯಿಂದ ಸುಡುವ ವಿಧಾನ ಇಲ್ಲಿ ಆಗುವುದಿಲ್ಲ, ದಾರ ತುಂಡಾಗುವ ಹೊತ್ತು ಪ್ರತಿ ಸಲವೂ ಬೇರೆ. ಸರಿಹೋದ ವ್ಯವಸ್ಥೆ ಹೀಗಿದೆ: ಕಾಯಿಲಿಗೆ ಕರೆಂಟ್ ಬರುವುದು ಚೌಕಟ್ಟಿನ ಮೇಲ್ತುದಿಯಲ್ಲಿ ಒತ್ತಿ ನಿಂತ ಎರಡು ಸ್ಪ್ರಿಂಗ್ ಪಿನ್‌ಗಳ ಮೂಲಕ. ಚೌಕಟ್ಟು 2 ಮಿ.ಮೀ. ಇಳಿದ ಕೂಡಲೇ ಪಿನ್ ಬಿಟ್ಟುಹೋಗಿ ಕಾಯಿಲ್ ಸಾಯುತ್ತದೆ. ಕಾಯಿಲಿಗೆ ಅಡ್ಡಲಾಗಿ ಹಾಕಿದ ಡಯೋಡ್‌ನಿಂದ ಬಿಡುಗಡೆ ಇನ್ನು ಕೆಲವು ಮಿಲಿಸೆಕೆಂಡ್ ತಡವಾಗುತ್ತದೆ. ಅದು ಒಳ್ಳೆಯದೇ, ಅಷ್ಟರಲ್ಲಿ ಚೌಕಟ್ಟಿನ ಆರಂಭದ ಅದುರಾಟ ತಣಿದಿರುತ್ತದೆ.

ತಟ್ಟೆಯಿಂದ ತಳದ ಸ್ಪಂಜಿನವರೆಗೆ 42 ಸೆಂ.ಮೀ. ಆರರಲ್ಲೊಂದು ಗುರುತ್ವದಲ್ಲಿ ಅಷ್ಟು ದೂರಕ್ಕೆ 0.72 ಸೆಕೆಂಡು ಬೇಕು. ಚೌಕಟ್ಟು ಮೆತ್ತೆ ಮುಟ್ಟುವುದರೊಳಗೆ ಮುಗಿಯುತ್ತದೆ. ಪೂರ್ತಿ 50 ಸೆಂ.ಮೀ. ಇಟ್ಟರೆ ಸಮಯ ಮೀರುತ್ತದೆ.

ಗರಿ ಗೋಡೆಗೆ ಅಂಟುವ ಸಮಸ್ಯೆ ಜನವರಿಯಿಂದ ಮಾರ್ಚ್‌ವರೆಗಿನ ಒಣಹವೆಯಲ್ಲಿ ಬಹಳ. ಅಕ್ರಿಲಿಕ್ ಮೇಲೆ ಸ್ಥಿರವಿದ್ಯುತ್ ಕೂರುತ್ತದೆ, ಗರಿ ಬೀಳುವ ಬದಲು ಪಕ್ಕಕ್ಕೆ ಹಾರಿ ಅಂಟಿಕೊಳ್ಳುತ್ತದೆ. ತೂಕ ಆರರಲ್ಲೊಂದಾದಾಗ ಇದು ಇನ್ನಷ್ಟು ಎದ್ದು ಕಾಣುತ್ತದೆ, ವಿದ್ಯುತ್ತಿನ ಎಳೆತವೇನೂ ಆರರಲ್ಲೊಂದಾಗುವುದಿಲ್ಲವಲ್ಲ. ಒಳಗೋಡೆಯ ಹಿಂಭಾಗದ ಮೂರನೇ ಒಂದಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಮಂದ ಬದಿ ಕ್ಯಾಮೆರಾ ಕಡೆಗಿರುವಂತೆ ಅಂಟಿಸಿ, ಬೋಲ್ಟಿಗೆ ತಾಗಿಸಿದರೆ ಬಹುಪಾಲು ಹತೋಟಿಗೆ ಬರುತ್ತದೆ. ಅಂಟು ಆದಷ್ಟು ಕಡಿಮೆ ಇರಲಿ.

ಹಂತ 5: ಚೌಕಟ್ಟು, ರಾಟೆ, ಎದುರುತೂಕ

12 ಮಿ.ಮೀ. ಪ್ಲೈವುಡ್ ಪಟ್ಟಿ, 750 × 150. ಅದರ ಮೇಲೆ ಕೊಳವೆ, ಬ್ಯಾಟರಿಯ ಎಲ್‌ಇಡಿ ಪಟ್ಟಿ, ಫೋನು, ಮತ್ತು 22 ಸೆಂ.ಮೀ. ಮುಂದಕ್ಕೆ ಚಾಚಿದ ತೋಳಿನ ಮೇಲೆ ಅಗಲ ನೋಟದ ಆ್ಯಕ್ಷನ್ ಕ್ಯಾಮೆರಾ. ಸಾಮಾನ್ಯ ಫೋನ್ ಕ್ಯಾಮೆರಾದ ಸ್ಲೋಮೋಷನ್‌ಗೆ ಇಡೀ ಕೊಳವೆ ಕಾಣಬೇಕಾದರೆ ಅರ್ಧ ಮೀಟರ್ ದೂರ ಬೇಕು, ಅಷ್ಟು ಉದ್ದದ ತೋಳು ಚೌಕಟ್ಟನ್ನು ವಾಲಿಸುತ್ತದೆ. ಇಷ್ಟೆಲ್ಲ ಸೇರಿ ಸುಮಾರು ಎರಡೂವರೆ ಕೆಜಿ. ಉಳಿದದ್ದಕ್ಕೆ ಕಬ್ಬಿಣದ ಪಟ್ಟಿಗಳನ್ನು ತಳದಲ್ಲಿ ಬಿಗಿದು 3.3 ಕೆಜಿ ಮಾಡಬೇಕು. ಭಾರ ಕೆಳಗಿದ್ದಷ್ಟೂ ಚೌಕಟ್ಟು ನೇರ ನಿಲ್ಲುತ್ತದೆ. ಅತ್ತಿತ್ತ ತಿರುಗದಂತೆ ಎರಡು ಬಿಗಿದ ಉಕ್ಕಿನ ತಂತಿ, ಅವುಗಳ ಮೇಲೆ 10 ಮಿ.ಮೀ. ತೂತಿನ ನೈಲಾನ್ ಬಳೆ. ಬಳೆ ಸಡಿಲವಾಗಿರಬೇಕು.

ರಾಟೆಗಳು ಎರಡು, 80 ಮಿ.ಮೀ. ನೈಲಾನ್, ಒಳಗೆ 608 ಬೇರಿಂಗ್. ನಡುವಿನ ಅಂತರ 60 ಸೆಂ.ಮೀ. ಬೇರಿಂಗಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರೆ ತಿರುಗುವುದು ಬಹಳ ಹಗುರಾಗುತ್ತದೆ. ದಾರ ಮೀನು ಗಾಳಕ್ಕೆ ಬಳಸುವ ಹೆಣೆದ ದಾರ. ನೈಲಾನ್ ಹಗ್ಗ ಬೇಡ: ಅದು ಹಿಗ್ಗಿ ಕುಗ್ಗುತ್ತದೆ, ಇಳಿಯುವ ಉದ್ದಕ್ಕೂ ಚೌಕಟ್ಟು ಮೇಲೆ ಕೆಳಗೆ ಅದುರುತ್ತದೆ, ಒಳಗಿನ ಗುರುತ್ವ ಒಂದೇ ಸಮ ಇರುವುದಿಲ್ಲ.

12 ವೋಲ್ಟ್ ವಿದ್ಯುತ್ಕಾಂತ ಮೇಲ್ಗಡೆ ಇದ್ದು ಚೌಕಟ್ಟನ್ನೇ ಹಿಡಿದಿಡಬೇಕು. ನೆಲದ ಹತ್ತಿರ ಎದುರುತೂಕವನ್ನು ಹಿಡಿದು ಬಿಡುವುದು ಸುಲಭವೆನಿಸುತ್ತದೆ, ಆದರೆ ಆಗ ದಾರ 3.3 ಕೆಜಿಯ ಬಿಗಿತದಲ್ಲಿದ್ದು, ಬಿಟ್ಟ ಕ್ಷಣ ಅರ್ಧ ಕೆಜಿಯ ಆಸುಪಾಸಿಗೆ ಕುಸಿದು ಜೋರಾಗಿ ಜಗ್ಗುತ್ತದೆ. ಮೇಲೆ ಹಿಡಿದರೆ ದಾರದಲ್ಲಿ ಎದುರುತೂಕದ ಭಾರವಷ್ಟೇ ಇರುತ್ತದೆ, ಜಗ್ಗು ಸಣ್ಣದು. ಕಾಂತಕ್ಕೆ ಅಡಾಪ್ಟರ್ ಬೇಡ, ಯುಪಿಎಸ್ಸಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಇರಲಿ. ಕರೆಂಟ್ ಹೋದರೆ 3.3 ಕೆಜಿಯ ಚೌಕಟ್ಟು ಹೇಳದೆ ಕೇಳದೆ ಕೆಳಗೆ ಬರುತ್ತದೆ. ಬಿಡುವ ಕೊನೆಯ ಕ್ಷಣದವರೆಗೂ ಒಂದು ಕಾವಲು ಹಗ್ಗ ಕಟ್ಟಿರಬೇಕು, ಕೆಳಗೆ ಯಾರೂ ನಿಲ್ಲಬಾರದು.

ಹೆಚ್ಚಿನವರು ಯೋಚಿಸದಿರುವುದು ಎದುರುತೂಕದ ಬಗ್ಗೆ. ಚೌಕಟ್ಟು ಮೆತ್ತೆಗೆ ತಾಗುವಾಗ ಎದುರುತೂಕ ಸೆಕೆಂಡಿಗೆ 6.4 ಮೀಟರ್ ವೇಗದಲ್ಲಿ ಮೇಲೇರುತ್ತಿರುತ್ತದೆ. ಚೌಕಟ್ಟು ನಿಂತರೂ ಅದು ನಿಲ್ಲುವುದಿಲ್ಲ, ದಾರ ಸಡಿಲವಾಗಿ ಇನ್ನೂ 2.1 ಮೀಟರ್ ಏರಬಲ್ಲದು. ರಾಟೆ ಇರುವುದು 1.3 ಮೀಟರ್ ಮೇಲೆ ಮಾತ್ರ. ಕಬ್ಬಿಣದ ಗುಂಡು ಹಾಕಿದ್ದರೆ ರಾಟೆ ಒಡೆಯುತ್ತದೆ, ಅಥವಾ ಗುಂಡು ಕಿತ್ತು ಮೆಟ್ಟಿಲ ಮೇಲೆ ಬೀಳುತ್ತದೆ. ಪರಿಹಾರ: ಎದುರುತೂಕ ಸೈಕಲ್ ಬೇರಿಂಗಿನ ಬಾಲ್ಸ್ ತುಂಬಿದ ಬಟ್ಟೆಚೀಲ, ಓಡಾಡುವುದು 75 ಮಿ.ಮೀ. ಪಿವಿಸಿ ಪೈಪಿನೊಳಗೆ, ಪೈಪಿನ ಮೇಲ್ತುದಿಯಲ್ಲಿ ಒಂದು ಅಡಿ ಸ್ಪಂಜು ತುರುಕಿ ದಾರಕ್ಕಷ್ಟೇ ತೂತು. ಪೈಪಿನ ತಳ ತೆರೆದಿರಲಿ, ಗೋಡೆಯಲ್ಲಿ ಅಲ್ಲಲ್ಲಿ ತೂತುಗಳೂ ಇರಲಿ. ಇಲ್ಲದಿದ್ದರೆ ಚೀಲ ಸೈಕಲ್ ಪಂಪಿನ ಹಾಗೆ ಗಾಳಿ ನೂಕುತ್ತಾ ನಿಧಾನವಾಗುತ್ತದೆ.

ಕೆಳಗಿನ ಮೆತ್ತೆಗೆ ಒಂದೇ ಗಟ್ಟಿ ಫೋಮ್ ಬೇಡ, ಚೌಕಟ್ಟು ಪುಟಿಯುತ್ತದೆ. ಹಾಸಿಗೆ ಅಂಗಡಿಯ ಫೋಮ್ ಚೂರುಗಳನ್ನು ದೊಡ್ಡ ಗೋಣಿಚೀಲದಲ್ಲಿ ಅರ್ಧ ಮೀಟರ್ ಎತ್ತರಕ್ಕೆ ಸಡಿಲವಾಗಿ ತುಂಬಿದರೆ ಸುಮಾರು 40 ಸೆಂ.ಮೀ.ನಲ್ಲಿ ಮೃದುವಾಗಿ ನಿಲ್ಲುತ್ತದೆ.

ಹಂತ 6: ತೂಕ ಹೊಂದಿಸುವುದು

ಚೌಕಟ್ಟಿನಲ್ಲಿ ಕಟ್ಟಿದ ಫೋನಿನಲ್ಲಿ ಫೈಫಾಕ್ಸ್ ಆ್ಯಪ್, ಗುರುತ್ವ ಸೇರಿದ ವೇಗೋತ್ಕರ್ಷದ ಮಾಪನ. ನಿಂತಾಗ 9.78ರ ಆಸುಪಾಸು ತೋರಿಸುತ್ತದೆ. ಇಳಿಯುವಾಗ ಅದು ತೋರಿಸುವುದೇ ಒಳಗಿನ ಗುರುತ್ವ, ಬೇರೆ ಲೆಕ್ಕ ಬೇಕಿಲ್ಲ.

300 ಗ್ರಾಂ ಎದುರುತೂಕಕ್ಕೆ ಬಂದದ್ದು 1.9. ಕಾರಣ ರಾಟೆಗಳು. ಅವನ್ನು ತಿರುಗಿಸಲೂ ಬಲ ಬೇಕು, ಎರಡು ರಾಟೆ ಸೇರಿ 100 ಗ್ರಾಂ ಹೆಚ್ಚುವರಿ ಜಡತ್ವದಷ್ಟು ಕೆಲಸ ಮಾಡುತ್ತವೆ. ಅದನ್ನು ಲೆಕ್ಕಕ್ಕೆ ಹಿಡಿದರೆ ಎದುರುತೂಕ 255 ಗ್ರಾಂ ಆಗಬೇಕು. ಹಾಕಿದರೆ ಬಂದದ್ದು 1.7. ಉಳಿದ ವ್ಯತ್ಯಾಸ ಬೇರಿಂಗ್, ತಂತಿಯ ಉಜ್ಜು ಮತ್ತು ಚೌಕಟ್ಟಿಗೆ ಹೊರಗಿನ ಗಾಳಿಯ ತಡೆ. ಈ ಕೊನೆಯದು ವೇಗ ಏರಿದಂತೆ ಏರಿ, ತಳದ ಹತ್ತಿರ ಸುಮಾರು 30 ಗ್ರಾಂ ಬಲ ಮುಟ್ಟುತ್ತದೆ. 240 ಗ್ರಾಂಗೆ ಇಳಿಸಿದಾಗ ಓಟದ ಸರಾಸರಿ 1.63–1.64. ಎದುರುತೂಕದಲ್ಲಿ 1 ಗ್ರಾಂ ಬದಲಾದರೆ ಒಳಗೆ 0.005 ಮೀ/ಸೆ² ಬದಲಾಗುತ್ತದೆ, ಹಾಗಾಗಿ 5 ಗ್ರಾಂ ನಿಖರತೆಯ ಅಡುಗೆ ತಕ್ಕಡಿ ಸಾಕು. ಓದು ಇದ್ದಕ್ಕಿದ್ದಂತೆ 2 ದಾಟಿದರೆ ತೂಕ ಮುಟ್ಟಬೇಡಿ, ನೈಲಾನ್ ಬಳೆ ತಂತಿಗೆ ಸಿಕ್ಕಿಕೊಂಡಿದೆಯೇ ನೋಡಿ.

ಹಂತ 7: ಗರಿಯ ಪರೀಕ್ಷೆ

ಕ್ಯಾಮೆರಾ ಸೆಕೆಂಡಿಗೆ 240 ಚಿತ್ರ, ಶಟರ್ 1/2000. ಸ್ಟೆಬಿಲೈಸೇಶನ್ ಕಡ್ಡಾಯವಾಗಿ ಆಫ್, ಇಲ್ಲದಿದ್ದರೆ ಕ್ಯಾಮೆರಾ ತಾನೇ ಚಿತ್ರವನ್ನು ಮೇಲೆ ಕೆಳಗೆ ಸರಿಸಿ ಅಳತೆಯನ್ನೆಲ್ಲ ಕೆಡಿಸುತ್ತದೆ. ಅಗಲ ಲೆನ್ಸ್ ಅಂಚಿನಲ್ಲಿ ಬಾಗಿಸುವುದರಿಂದ ದೂರವನ್ನು ಕೊಳವೆಗೆ ಅಂಟಿಸಿದ ಸ್ಕೇಲಿನ ಮೇಲೆಯೇ ಓದಬೇಕು.

ಮೊದಲು ಗಾಳಿ ತುಂಬಿರುವಾಗ. ಶಟಲ್ ಕಾಕಿನಿಂದ ಕತ್ತರಿಸಿದ ಗರಿ, 0.15 ಗ್ರಾಂ. ಚೌಕಟ್ಟನ್ನು ನಿಲ್ಲಿಸಿಯೇ ಬಿಟ್ಟರೆ ನಟ್ಟಿಗೆ 0.29 ಸೆಕೆಂಡು, ಗರಿಗೆ ಸುಮಾರು 0.35. ಬೀಳುವ ಚೌಕಟ್ಟಿನಲ್ಲಿ ನಟ್ಟಿಗೆ 0.72, ಗರಿ ತಳ ಮುಟ್ಟುವ ಮೊದಲೇ ಚೌಕಟ್ಟು ಮೆತ್ತೆಗೆ ಬೀಳುತ್ತದೆ. ಲೆಕ್ಕದಂತೆ ಗರಿಗೆ 0.85 ಬೇಕು. ಎರಡು ಕಡೆಯೂ ಅನುಪಾತ ಒಂದೇ, ಸುಮಾರು 1.2. ತುಂಬಿದ ಗಾಳಿಯಲ್ಲಿ ತಡೆ ವೇಗದ ವರ್ಗದಂತೆ ಏರುತ್ತದೆ. ಗುರುತ್ವ ಇಳಿದರೆ ತೂಕವೂ ವೇಗದ ವರ್ಗವೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ, ಆದ್ದರಿಂದ ಒಂದೇ ದೂರಕ್ಕೆ ಗರಿ ಹಿಂದೆ ಬೀಳುವ ಪಾಲು ಬದಲಾಗುವುದಿಲ್ಲ. ನಿಧಾನವಾಗಿ ಬೀಳುವುದರಿಂದ ಗಾಳಿ ಅಷ್ಟಾಗಿ ಅಡ್ಡಬರುವುದಿಲ್ಲ ಎಂಬ ಊಹೆ ಇಲ್ಲಿಗೇ ಸುಳ್ಳಾಗುತ್ತದೆ.

ಗಾಳಿ ತೆಗೆದ ಮೇಲೆ ಆಗುವುದು ಇನ್ನೂ ಗಮನ ಕೊಡಬೇಕಾದದ್ದು. ಅರ್ಧ ಮಿಲಿಬಾರಿನಲ್ಲಿ, 0.02 ಗ್ರಾಂನ ಮೆತ್ತನೆಯ ಕೋಳಿಗರಿಯನ್ನು ನಿಂತ ಚೌಕಟ್ಟಿನಲ್ಲಿ ಬಿಟ್ಟರೆ ತಳದಲ್ಲಿ ನಟ್ಟಿಗಿಂತ ಸುಮಾರು 8 ಮಿ.ಮೀ. ಹಿಂದೆ. ಆ ವೇಗದಲ್ಲಿ ಎರಡು ಚಿತ್ರಗಳ ನಡುವೆ ನಟ್ಟು 12 ಮಿ.ಮೀ. ಸಾಗುತ್ತದೆ, ಹಾಗಾಗಿ ವ್ಯತ್ಯಾಸ ಒಂದು ಚಿತ್ರಕ್ಕಿಂತ ಕಡಿಮೆ. ಒಟ್ಟಿಗೇ ಬಿದ್ದವು ಎಂದು ಯಾರಾದರೂ ಬರೆದುಕೊಳ್ಳುತ್ತಾರೆ. ಅದೇ ಕೊಳವೆ, ಅದೇ ಗರಿ, ಅದೇ ಒತ್ತಡ, ಚೌಕಟ್ಟು ಬೀಳುವಾಗ ಗರಿ 20 ಮಿ.ಮೀ. ಹಿಂದೆ. ಈಗ ಒಂದು ಚಿತ್ರಕ್ಕೆ 5 ಮಿ.ಮೀ. ಮಾತ್ರ, ಅಂದರೆ ನಾಲ್ಕು ಚಿತ್ರ ತಡ. ಬರಿಗಣ್ಣಿಗೇ ಕಾಣುತ್ತದೆ.

ಸೋರಿಕೆ ಹುಡುಕಿದರೆ ಸಿಗುವುದಿಲ್ಲ, ಪಂಪನ್ನು ಇನ್ನೊಂದು ಗಂಟೆ ಓಡಿಸಿದರೂ ಬದಲಾಗುವುದಿಲ್ಲ. ಇಷ್ಟು ವಿರಳ ಗಾಳಿಯಲ್ಲಿ ಉಳಿಯುವ ತಡೆ ಸ್ನಿಗ್ಧತೆಯದು (ಗಾಳಿಯ ಪದರಗಳು ಒಂದನ್ನೊಂದು ಎಳೆದು ಹಿಡಿಯುವ ಗುಣ), ಮತ್ತು ಗಾಳಿಯ ಸ್ನಿಗ್ಧತೆ ಒತ್ತಡದೊಂದಿಗೆ ಇಳಿಯುವುದಿಲ್ಲ. 1860ರಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಇದನ್ನು ಲೆಕ್ಕದಿಂದ ಹೇಳಿದಾಗ ಅವರಿಗೇ ಆಶ್ಚರ್ಯವಾಗಿತ್ತು, ಕೆಲವು ವರ್ಷಗಳ ನಂತರ ಅವರೇ ಪ್ರಯೋಗ ಮಾಡಿ ದೃಢಪಡಿಸಿದರು. ಈ ತಡೆ ವೇಗದ ವರ್ಗದಂತಲ್ಲ, ಬರೀ ವೇಗದಂತೆ ಏರುತ್ತದೆ. ಗುರುತ್ವ ಆರರಲ್ಲೊಂದಾದರೆ ತೂಕ ಆರು ಪಟ್ಟು ಇಳಿಯುತ್ತದೆ, ವೇಗ ಇಳಿಯುವುದು 2.45 ಪಟ್ಟು ಮಾತ್ರ. ಆದ್ದರಿಂದ ಗರಿ ಹಿಂದೆ ಬೀಳುವ ದೂರ 2.45 ಪಟ್ಟು ಹೆಚ್ಚು. 8 ಮಿ.ಮೀ. 20 ಆದದ್ದು ಹೀಗೆ. ಕಡಿಮೆ ಗುರುತ್ವದ ಪ್ರಯೋಗಕ್ಕೆ ಭೂಮಿಯ ಗುರುತ್ವದ ಪ್ರಯೋಗಕ್ಕಿಂತ ಒಳ್ಳೆಯ ನಿರ್ವಾತ ಬೇಕು, ಕೆಟ್ಟದು ನಡೆಯುವುದಿಲ್ಲ.

ಎಷ್ಟು ಒಳ್ಳೆಯದು? ಅನಿಲದ ಅಣುಗಳು ಒಂದಕ್ಕೊಂದು ಡಿಕ್ಕಿಯಾಗದೆ ಸಾಗುವ ಸರಾಸರಿ ದೂರ ಗರಿಯ ಅಗಲವನ್ನು ಮೀರಿದ ಮೇಲೆ ಮಾತ್ರ ತಡೆ ಒತ್ತಡದೊಂದಿಗೆ ಇಳಿಯತೊಡಗುತ್ತದೆ. ಅರ್ಧ ಮಿಲಿಬಾರಿನಲ್ಲಿ ಆ ದೂರ ಸುಮಾರು 0.13 ಮಿ.ಮೀ. ಗರಿಯ 3 ಸೆಂ.ಮೀ. ಮುಟ್ಟಬೇಕಾದರೆ ಒತ್ತಡ 0.002 ಮಿಲಿಬಾರಿಗೆ ಇಳಿಯಬೇಕು, ಕಣ್ಣಿಗೆ ಕಾಣುವಷ್ಟು ಲಾಭಕ್ಕೆ ಇನ್ನೂ ಕೆಳಗೆ. ಎಸಿ ಪಂಪ್, ಅಂಟು ಹಾಕಿದ ಫಾಯಿಲ್, ಅಕ್ರಿಲಿಕ್, ಈ ಮೂರರಿಂದ ಅದು ಆಗದ ಕೆಲಸ. ಡಬಲ್ ಸ್ಟೇಜ್ ಪಂಪಿಗೆ ಇನ್ನೂ ನಾಲ್ಕೈದು ಸಾವಿರ ಹಾಕುವುದರಿಂದಲೂ ಪ್ರಯೋಜನವಿಲ್ಲ, ತಡೆಯುತ್ತಿರುವುದು ಕೊಳವೆಯ ಒಳಗೋಡೆಯೇ.

ಸುಲಭವಾಗಿ ಬದಲಾಯಿಸಬಹುದಾದದ್ದು ಗರಿ. ಅಗಲಕ್ಕೆ ತಕ್ಕ ತೂಕವಿರುವ, ಗಟ್ಟಿ ದಂಟಿನ ಗರಿ ಬೇಕು. ಶಟಲ್ ಗರಿ ಅದೇ ಅರ್ಧ ಮಿಲಿಬಾರಿನಲ್ಲಿ, ಚೌಕಟ್ಟು ಬೀಳುವಾಗ, 3 ಮಿ.ಮೀ. ಮಾತ್ರ ಹಿಂದೆ ಉಳಿಯುತ್ತದೆ, ಒಂದು ಚಿತ್ರಕ್ಕೂ ಕಡಿಮೆ. ಹೊಸ ಶಟಲ್ ಬೇಕಿಲ್ಲ, ಆಡಿ ಬಿಸಾಡಿದ್ದರಲ್ಲಿ ಹರಿಯದ ಗರಿಯೊಂದನ್ನು ಬಿರಡೆಯ ಬುಡದಲ್ಲಿ ಬ್ಲೇಡಿನಿಂದ ಕೊಯ್ದು, ಕೊಳವೆಯಲ್ಲಿ ಅಡ್ಡ ಮಲಗುವಷ್ಟಕ್ಕೆ ಮೊಟಕು ಮಾಡಿ, ಅಂಟಿನ ದಾರವನ್ನು ಪೂರ್ತಿ ಬಿಡಿಸಿಕೊಂಡರೆ ಸಾಕು. ದಂಟು ಕೆಳಮುಖವಾಗಿ ತಟ್ಟೆಯ ಮೇಲೆ ಮಲಗಿಸಿದರೆ ತಿರುಗದೆ ಬೀಳುತ್ತದೆ.

ಒಂದು ಓಟದ ಕ್ರಮ

ಕಾಯಿಲಿಗೆ ಕರೆಂಟ್ ಇಲ್ಲದಾಗ ತಟ್ಟೆಯನ್ನು ಹಿಡಿದಿಡಲು ಬೋಲ್ಟಿನ ಹೊರತಲೆಗೆ ಒಂದು ಶಾಶ್ವತ ಕಾಂತ ಅಂಟಿಸಿಡುವುದು ಅನುಕೂಲ, ಪಂಪ್ ಓಡುವ ಅಷ್ಟೂ ಹೊತ್ತು ಕಾಯಿಲ್ ಬಿಸಿಯಾಗುವುದು ತಪ್ಪುತ್ತದೆ. ನಟ್ಟು ಗರಿ ಇಟ್ಟು ಮುಚ್ಚಳ ಹಾಕಿ, ವಾಲ್ವನ್ನು ಕೂದಲೆಳೆಯಷ್ಟು ಮಾತ್ರ ತೆರೆದು ಪಂಪ್ ಶುರು ಮಾಡಬೇಕು. ಒಮ್ಮೆಲೇ ತೆರೆದರೆ ಗಾಳಿ ಹೊರಹೋಗುವ ರಭಸಕ್ಕೆ ಗರಿ ತಟ್ಟೆಯಿಂದ ಹಾರುತ್ತದೆ, ಮತ್ತೆ ಎಲ್ಲ ಬಿಚ್ಚಬೇಕು. ಮುಳ್ಳು 20 ದಾಟಿದ ಮೇಲೆ ಪೂರ್ತಿ ತೆರೆಯಬಹುದು. ಮೈಕ್ರಾನ್ ಗೇಜ್ 500ರ ಕೆಳಗೆ ಬಂದಾಗ ವಾಲ್ವ್ ಮುಚ್ಚಿ, ನಂತರ ಪಂಪ್ ಆಫ್, ನಂತರ ಹೋಸ್ ಬಿಚ್ಚುವುದು. ಒತ್ತಡ ನಿಧಾನವಾಗಿ ಏರುತ್ತಿರುತ್ತದೆ, ಎರಡು ಮೂರು ನಿಮಿಷದೊಳಗೆ ಬಿಡಬೇಕು. ಚೌಕಟ್ಟನ್ನು ಕಾಂತಕ್ಕೆ ಏರಿಸಿ, ಕ್ಯಾಮೆರಾ ಮತ್ತು ಫೋನ್ ಶುರು ಮಾಡಿ, ಕಾಯಿಲಿಗೆ ಕರೆಂಟ್ ಕೊಟ್ಟು ಶಾಶ್ವತ ಕಾಂತ ತೆಗೆದು, ಕಾವಲು ಹಗ್ಗ ಬಿಚ್ಚಿ, ಎಣಿಕೆ ಹೇಳಿ ಚೌಕಟ್ಟಿನ ಕಾಂತದ ಸ್ವಿಚ್ ಆಫ್. ಮುಗಿದ ಮೇಲೆ ಗಾಳಿಯನ್ನು ಒಳಬಿಡುವುದೂ ಅಷ್ಟೇ ನಿಧಾನ. ಪ್ರತಿ ಹತ್ತು ಓಟಕ್ಕೊಮ್ಮೆ ಕೊಳವೆಯ ತುದಿಗಳನ್ನು ಬೆಳಕಿಗೆ ಹಿಡಿದು ಬಿರುಕು ನೋಡಿ, ಕಂಡರೆ ಆ ಕೊಳವೆಯನ್ನು ಗಾಳಿ ತುಂಬಿದ ಪರೀಕ್ಷೆಗಳಿಗೆ ಮಾತ್ರ ಇಟ್ಟುಕೊಳ್ಳಿ.